ಮ್ಯೂಸಿಕ್ ಆಮೇಲೆ, ಮೊದಲು ಫೋಟೊ ಪೂರ್ತಿ ನೋಡಿ

ಕ್ಯಾಲಿಫೋರ್ನಿಯಾದ ಮಿಡ್ಲ್ ಸ್ಕೂಲೊಂದರಲ್ಲಿ ನಾನು ಇತಿಹಾಸದ ಟೀಚರ್. ನಮ್ಮ ಮಕ್ಕಳು ನ್ಯಾಷನಲ್ ಹಿಸ್ಟರಿ ಡೇ ಸ್ಪರ್ಧೆಗೆ ಸಾಕ್ಷ್ಯಚಿತ್ರ ಮಾಡುತ್ತಾರೆ. 1974ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಶುರುವಾದ ಸ್ಪರ್ಧೆ ಇದು. ಚಿತ್ರ 10 ನಿಮಿಷ ಮೀರುವಂತಿಲ್ಲ. ಅಷ್ಟರಲ್ಲೇ ಎಲ್ಲ ಹೇಳಬೇಕೆಂಬ ಆತುರಕ್ಕೆ ಮಕ್ಕಳು ಮೊದಲು ಮ್ಯೂಸಿಕ್ ಹುಡುಕುತ್ತಾರೆ, ಆಮೇಲೆ ಅದಕ್ಕೆ ಹೊಂದುವ ಫೋಟೊ. ಹಾಗಾಗಿ ಎಡಿಟಿಂಗ್‌ಗೆ ಕೈ ಹಾಕುವ ಮುಂಚೆ ಒಂದೇ ಒಂದು ಫೋಟೊ ಕೊಟ್ಟು ಕೂರಿಸುತ್ತೇನೆ.

ಎರಡನೇ ಮಹಾಯುದ್ಧದಲ್ಲಿ ಶಿಬಿರಗಳಿಗೆ ತಳ್ಳಲ್ಪಟ್ಟ ಜಪಾನಿ ಅಮೆರಿಕನ್ನರ ಬಗ್ಗೆ ಒಂದು ತಂಡ ಚಿತ್ರ ಮಾಡುತ್ತಿತ್ತು. ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ 1942ರ ಮಾರ್ಚ್‌ನಲ್ಲಿ ಓಕ್‌ಲ್ಯಾಂಡ್‌ನಲ್ಲಿ ತೆಗೆದ ಫೋಟೊ ಆರಿಸಿದ್ದರು. ದಿನಸಿ ಅಂಗಡಿಯ ಮೇಲೆ ‘ನಾನು ಅಮೆರಿಕನ್’ ಎಂಬ ದೊಡ್ಡ ಫಲಕ. ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿದ ಮರುದಿನವೇ ಮಾಲೀಕರು ಹಾಕಿಸಿದ್ದು. ಮಕ್ಕಳು ಆ ಅಕ್ಷರಗಳಿಗಷ್ಟೇ ಜೂಮ್ ಮಾಡಿದ್ದರು. ಪೂರ್ತಿ ಫೋಟೊ ತೆರೆಸಿದೆ. ಮೇಲ್ಗಡೆ ಇನ್ನೊಂದು ಬೋರ್ಡ್: ‘ಮಾರಾಟವಾಗಿದೆ’.

ಅಲ್ಲಿಂದ ಪ್ರಶ್ನೆಗಳು ತಾವಾಗಿಯೇ ಬಂದವು. ಅಂಗಡಿ ಯಾಕೆ ಹೋಯಿತು? ಅದೇ ವರ್ಷದ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್, ಜಪಾನಿ ಮೂಲದವರನ್ನು ಮನೆಗಳಿಂದ ತೆರವು ಮಾಡಿಸಲು ದಾರಿ ಮಾಡಿಕೊಟ್ಟ 9066ನೇ ಆದೇಶಕ್ಕೆ ಸಹಿ ಹಾಕಿದ್ದರು. ಸುಮಾರು 1,20,000 ಜನ ಕೈಯಲ್ಲಿ ಹೊರುವಷ್ಟನ್ನು ಮಾತ್ರ ಕಟ್ಟಿಕೊಂಡು ಹೊರಡಬೇಕಾಯಿತು. ಅವರಲ್ಲಿ ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಇನ್ನೊಬ್ಬ ಹುಡುಗಿ ಕೇಳಿದಳು: ಈ ಫೋಟೊ ತೆಗೆಸಿದ್ದು ಯಾರು? ಇದು ನನಗೆ ಬಹಳ ಮುಖ್ಯವಾದ ಪ್ರಶ್ನೆ. ಆ ಜನರನ್ನು ಸಾಗಿಸುತ್ತಿದ್ದ ಸರ್ಕಾರವೇ ಲ್ಯಾಂಗ್‌ಗೆ ಸಂಬಳ ಕೊಟ್ಟು ಸ್ಥಳಾಂತರವನ್ನು ದಾಖಲಿಸಲು ಕಳಿಸಿತ್ತು. ತೆಗೆದು ತಂದಮೇಲೆ ಅವರ ಎಷ್ಟೋ ಫೋಟೊಗಳನ್ನು ಯುದ್ಧ ಮುಗಿಯುವತನಕ ಹೊರಗೆ ಬಿಡಲಿಲ್ಲ.

ಸ್ಕ್ರಿಪ್ಟ್ ಬದಲಾಯಿತು. ‘ಅಸ್ಮಿತೆ’ ಅಂತ ಮೂರು ಸಲ ಬರುತ್ತಿದ್ದ ಕಡೆ ಈಗ ಒಂದು ಅಂಗಡಿ, ಅದರ ಮಾಲೀಕ, ಒಂದು ಆದೇಶ ಬಂದವು. ಕೊನೆಯಲ್ಲಿ 1988ರ ಕಾಯ್ದೆ: ಬದುಕಿ ಉಳಿದವರಿಗೆ ತಲಾ 20,000 ಡಾಲರ್ ಮತ್ತು ಸರ್ಕಾರದ ಕ್ಷಮಾಪಣೆ. ಕಳೆದುಕೊಂಡ ಅಂಗಡಿಗೆ ಆ ಹಣ ಸಾಟಿಯೇ ಎಂದು ಮಕ್ಕಳು ವಾದ ಮಾಡಿದರು. ಆ ವಾದವನ್ನೇ ಚಿತ್ರದಲ್ಲಿ ಉಳಿಸಿಕೊಳ್ಳಿ ಅಂದೆ.

ನಮ್ಮ ಕಡೆಯ ಮನೆಗಳ ಮಕ್ಕಳಿಗೆ ಈ ಇತಿಹಾಸ ಬೇರೆಯವರದ್ದು ಅನ್ನಿಸುವುದುಂಟು. ಅವರಿಗೆ ಭಗತ್ ಸಿಂಗ್ ಥಿಂಡ್ ಹೆಸರು ಹೇಳುತ್ತೇನೆ. ಪಂಜಾಬ್‌ನಿಂದ ಬಂದು ಅಮೆರಿಕದ ಸೇನೆಯಲ್ಲಿದ್ದ ಅವರು ಬಿಳಿಯರಲ್ಲ, ಹಾಗಾಗಿ ಪೌರತ್ವದ ಅರ್ಹತೆಯಿಲ್ಲ ಎಂದು 1923ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಈ ವರ್ಷ ಒಂದು ತಂಡ ಅದನ್ನೇ ಎತ್ತಿಕೊಂಡಿದೆ. ಪೇಟ ಸುತ್ತಿ ಸಮವಸ್ತ್ರದಲ್ಲಿ ನಿಂತಿರುವ ಥಿಂಡ್ ಅವರ ಫೋಟೊ ಸಿಕ್ಕಿದೆ. ಅದನ್ನು ಯಾರು, ಯಾಕಾಗಿ ತೆಗೆಸಿದರು ಅಂತ ಹುಡುಕುತ್ತಿದ್ದಾರೆ.