ರನ್‌ವೇ ಅಗೆದಿದ್ದು ಸಾಕು, ನೀರಿನ ಪಂಪ್ ಎಲ್ಲಿತ್ತು?

ನಂದು ಮಣ್ಣಿನ ಸ್ಯಾಂಪಲ್ ತೆಗೆಯೋ ಕೆಲಸ. ಹಳೇ ಜಾಗ ಯಾರಾದ್ರೂ ಕೊಳ್ಳೋ ಮುಂಚೆ ಅದ್ರಲ್ಲಿ ವಿಷ ಉಳ್ಕೊಂಡಿದ್ಯಾ ಅಂತ ನೋಡಿ ರಿಪೋರ್ಟ್ ಕೊಡ್ಬೇಕು. ಒಂದ್ಸಲ ಅಮೆರಿಕದ ದಕ್ಷಿಣದಲ್ಲಿ, ಹತ್ತಿ ಹೊಲಗಳ ನಡುವೆ ಪಾಳು ಬಿದ್ದಿದ್ದ ಏರ್‌ಸ್ಟ್ರಿಪ್ ಒಂದು ಬಂತು, ಬೆಳೆಗೆ ಔಷಧಿ ಹೊಡೆಯೋ ವಿಮಾನಗಳು ಇಳೀತಿದ್ದ ಜಾಗ.

ನಾನು ರನ್‌ವೇ ಉದ್ದಕ್ಕೂ ಚೌಕ ಚೌಕ ಗುರುತು ಹಾಕಿ ನೀಟಾಗಿ ಸ್ಯಾಂಪಲ್ ತೆಗ್ದೆ. ಲ್ಯಾಬ್ ರಿಸಲ್ಟ್ ಹೆಚ್ಚುಕಮ್ಮಿ ಕ್ಲೀನ್. ಖುಷಿಯಾಗಿ ರಿಪೋರ್ಟ್ ಬರ್ದು ಕೊಟ್ರೆ ಸೀನಿಯರ್ ಒಂದೇ ಪ್ರಶ್ನೆ ಕೇಳಿದ್ರು, "ವಿಮಾನಕ್ಕೆ ಔಷಧಿ ತುಂಬ್ತಿದ್ದಿದ್ದು ಎಲ್ಲಿ?" ನನ್ ಹತ್ರ ಉತ್ತರ ಇರ್ಲಿಲ್ಲ.

ಆಮೇಲೆ ಕೂತು ಓದ್ಕೊಂಡೆ. ಮೊದಲ ಸಲ ವಿಮಾನದಿಂದ ಹೀಗೆ ವಿಷದ ಪುಡಿ ಉದುರಿಸಿದ್ದು 1921ರ ಆಗಸ್ಟ್‌ನಲ್ಲಿ, ಒಹಾಯೋದಲ್ಲಿ, ಕಟಾಲ್ಪಾ ಮರಗಳ ಹುಳಕ್ಕೆ ಲೆಡ್ ಆರ್ಸೆನೇಟ್, ಅಂದ್ರೆ ಆರ್ಸೆನಿಕ್ ಇರೋ ವಿಷ. ಆಮೇಲೆ ಹತ್ತಿ ಕಾಯಿ ತಿನ್ನೋ ಬೋಲ್ ವೀವಿಲ್ ಅನ್ನೋ ಮೂತಿಹುಳಕ್ಕೆ ಕ್ಯಾಲ್ಸಿಯಂ ಆರ್ಸೆನೇಟ್ ಬಂತು. ಈಗಿನ ಡೆಲ್ಟಾ ಏರ್‌ಲೈನ್ಸ್ ಇದೆಯಲ್ಲ, ಅದ್ರ ಮೂಲಾನೂ ಇದೇ ಪುಡಿ ಹೊಡೆಯೋ ಬಿಸಿನೆಸ್ಸು! ಎರಡನೇ ಮಹಾಯುದ್ಧ ಮುಗಿದ್ಮೇಲೆ ಮಿಲಿಟರಿಯವ್ರ ಸ್ಟಿಯರ್‌ಮನ್ ತರಬೇತಿ ವಿಮಾನಗಳು ಅಗ್ಗಕ್ಕೆ ಸಿಕ್ವು, ಮುಂದಿನ ಸೀಟ್ ಕಿತ್ತು ಅಲ್ಲಿ ಔಷಧಿ ತೊಟ್ಟಿ ಕೂರಿಸಿದ್ರೆ ಆಯ್ತು. ತೊಟ್ಟಿ ಸಣ್ಣದು, ಬೇಗ ಖಾಲಿಯಾಗ್ತಿತ್ತು, ಇಳಿ ತುಂಬು ಹಾರು, ಇಳಿ ತುಂಬು ಹಾರು, ಅದಕ್ಕೇ ಹೊಲದ ಪಕ್ಕದಲ್ಲೇ ಸ್ಟ್ರಿಪ್ ಬೇಕಿತ್ತು. ಅಂದ್ರೆ ಪಂಪ್ ನೀರಲ್ಲಿ ಔಷಧಿ ಕಲಸೋದು, ಚೆಲ್ಲೋದು, ಸಂಜೆ ತೊಟ್ಟಿ ತೊಳೆದು ಆ ನೀರನ್ನ ಅಲ್ಲೇ ನೆಲಕ್ಕೆ ಬಿಡೋದು ಎಲ್ಲಾ ಒಂದೇ ಜಾಗದಲ್ಲಿ, ವರ್ಷಗಟ್ಟಲೆ. ವಿಮಾನ ಬರೀ ಓಡ್ತಿದ್ದ ರನ್‌ವೇನಲ್ಲಿ ಏನು ಸಿಗುತ್ತೆ ಮಣ್ಣು!

ಎರಡನೇ ಸಲ ಹೋಗೋ ಮುಂಚೆ ಹಳೇ ವೈಮಾನಿಕ ಫೋಟೋ ತರಿಸಿದೆ. ಶೆಡ್ ಪಕ್ಕ ಒಂದು ಕಪ್ಪು ಕಲೆ ಇತ್ತು. ಆ ಕಾಲಕ್ಕೆ ಅಲ್ಲಿ ಔಷಧಿ ತುಂಬ್ತಿದ್ದ ಒಬ್ಬ ಅಜ್ಜ ಹತ್ರದಲ್ಲೇ ಇದ್ರು, ಅವ್ರನ್ನ ಕರ್ಕೊಂಡ್ ಹೋದೆ. ಫೋಟೋ ಕಡೆ ನೋಡ್ಲೂ ಇಲ್ಲ, ಸೀದಾ ನಡ್ಕೊಂಡು ಹೋಗಿ ಹುಲ್ಲು ಒದ್ದು "ಪಂಪ್ ಇಲ್ಲಿತ್ತು" ಅಂದ್ರು, ಕೆಳಗೆ ಸಿಮೆಂಟ್ ಕಟ್ಟೆ. ಒಂದು ಔಷಧಿಗೆ ಟರ್ಪೆಂಟೈನ್ ತರ ವಾಸನೆ ಇತ್ತು, ಅಂಗಿಗೆ ಹತ್ತಿದ್ರೆ ಹೋಗ್ತಿರ್ಲಿಲ್ಲ ಅಂದ್ರು. ಅದು ಟಾಕ್ಸಫೀನ್ ಅನ್ನೋ ಹಳೇ ಕೀಟನಾಶಕ, ನನ್ನ ಮೊದಲ ಲ್ಯಾಬ್ ಪಟ್ಟೀಲಿ ಅದು ಇರ್ಲೇ ಇಲ್ಲ. ಕಟ್ಟೆ ಸುತ್ತ ಅಗೆದ ಮಣ್ಣಲ್ಲಿ ಅದೂ ಸಿಕ್ತು, ಡಿಡಿಟಿ ಒಡೆದು ಆಗೋ ಡಿಡಿಇನೂ ಸಿಕ್ತು, ಆರ್ಸೆನಿಕ್ಕಂತೂ ಸರಿಯೇ, ಮೂಲಧಾತು ಅದು, ಒಡೆದು ಹೋಗೋ ಪ್ರಶ್ನೆನೇ ಇಲ್ಲ.

ಇನ್ನೊಂದು ತಪ್ಪೂ ಆಗಿತ್ತು. 1972ರಲ್ಲಿ ಡಿಡಿಟಿ ಬ್ಯಾನ್ ಆಯ್ತು, ಹಾಗಾಗಿ ಸ್ಟ್ರಿಪ್ ಮುಚ್ಚಿತು ಅಂತ ಬರೆದಿದ್ದೆ. ಅಜ್ಜ ನಕ್ಕುಬಿಟ್ರು, ಅದಾದ್ಮೇಲೂ ಬೇರೆ ಔಷಧಿ ಹೊಡೀತಾನೇ ಇದ್ರಂತೆ. ಕೆಲಸ ಕಮ್ಮಿಯಾಗಿದ್ದು ನಿಧಾನಕ್ಕೆ. 1970ರ ದಶಕದ ಕೊನೇಲಿ ಶುರುವಾದ ಮೂತಿಹುಳ ನಿರ್ಮೂಲನೆ ಕಾರ್ಯಕ್ರಮ ರಾಜ್ಯದಿಂದ ರಾಜ್ಯಕ್ಕೆ ಹಬ್ಬಿತು, 1996ರಲ್ಲಿ ಕಾಯಿಕೊರಕಕ್ಕೆ ಬಿಟಿ ಹತ್ತಿ ಬಂತು, ಅಷ್ಟ್ರಲ್ಲಿ ಏರ್ ಟ್ರ್ಯಾಕ್ಟರ್ 802 ತರದ ಔಷಧಿ ಹೊಡೆಯೋ ದೊಡ್ಡ ವಿಮಾನ ಒಂದೇ ಸಲ ಸುಮಾರು 3,000 ಲೀಟರ್ ಹೊತ್ಕೊಂಡು ದೂರದ ದೊಡ್ಡ ಏರ್‌ಪೋರ್ಟ್‌ನಿಂದ ಬಂದು ಮುಗಿಸಿ ಹೋಗ್ತಿತ್ತು.

ಹಾಗಾಗಿ ಆ ಸ್ಟ್ರಿಪ್ಪನ್ನ ಯಾರೂ ಮುಚ್ಲೇ ಇಲ್ಲ. ಒಂದು ವರ್ಷ ವಿಮಾನ ಬರ್ಲಿಲ್ಲ, ಮುಂದಿನ ವರ್ಷಾನೂ ಬರ್ಲಿಲ್ಲ, ಅಷ್ಟೇ. ಮುಚ್ಚಿದ ದಿನ ಅಂತಾನೇ ಇಲ್ಲದ ಮೇಲೆ ಡ್ರಮ್ಮು ಯಾರು ಸಾಗಿಸ್ತಾರೆ, ಕಟ್ಟೆ ಯಾರು ತೊಳೀತಾರೆ? ಎರಡನೇ ರಿಪೋರ್ಟಲ್ಲಿ "ಮುಚ್ಚಿದ ವರ್ಷ" ಅನ್ನೋ ಕಾಲಮ್ ಖಾಲಿ ಬಿಟ್ಟೆ. ಸೀನಿಯರ್ ಈ ಸಲ ಏನೂ ಕೇಳ್ಲಿಲ್ಲ.