ಚಳಿಗೆ ಏಳದ ಬೋಟ್ ಎಂಜಿನ್

ಜನವರಿ ತಿಂಗಳು. ಕಾಫಿ ಕೊಯ್ಲು ಜೋರಾಗಿ ನಡೆಯುತ್ತಿತ್ತು. ಬೆಳಗ್ಗೆ ಆರೂವರೆಗೆ ಕಣಕ್ಕೆ ಹೊದಿಸಿದ್ದ ಟಾರ್ಪಾಲಿನ ಮೇಲೆ ಇಬ್ಬನಿ ನೀರು ನಿಂತಿತ್ತು. ಎದುರಿನ ಸಿಲ್ವರ್ ಮರಗಳೇ ಕಾಣದಷ್ಟು ಮಂಜು. ಕಣದ ಮೂಲೆಯಲ್ಲಿ ನೀರು ತುಂಬಿದ ದೊಡ್ಡ ಡ್ರಮ್ಮಿನ ಪಕ್ಕ ನಿಂತು ನಾನು ಬೋಟ್ ಎಂಜಿನ್ನಿನ ಹಗ್ಗ ಎಳೆಯುತ್ತಿದ್ದೆ. ಹದಿನೆಂಟು ಸಲ ಎಳೆದಾಗಿತ್ತು. ಒಂದು ಸಲ ಕೆಮ್ಮಲೂ ಇಲ್ಲ.

ಕಾಫಿ ತೋಟದಲ್ಲಿ ಬೋಟ್ ಎಂಜಿನ್ ಯಾಕೆ ಅಂತ ಕೇಳಬಹುದು. ನಮ್ಮ ಮನೆ ಕೊಡಗಿನ ಸಿದ್ದಾಪುರದ ಹತ್ತಿರ, ಕಾವೇರಿ ದಂಡೆಯಲ್ಲಿದೆ. 2019ರ ಆಗಸ್ಟಿನಲ್ಲಿ ಹೊಳೆ ಉಕ್ಕಿ ಕರಡಿಗೋಡು, ನೆಲ್ಯಹುದಿಕೇರಿ ಕಡೆಯ ಮನೆಗಳಿಗೆ ನೀರು ನುಗ್ಗಿದ್ದನ್ನು ಕಣ್ಣಾರೆ ಕಂಡವರು ನಾವು. ಅದಾದ ಮೇಲೆ ಏಳೆಂಟು ಮನೆಯವರು ದುಡ್ಡು ಹಾಕಿ ಒಂದು ಫೈಬರ್ ದೋಣಿ ತಂದೆವು. ಅದಕ್ಕೆ ಕರಾವಳಿ ಕಡೆಯಿಂದ 15 ಎಚ್‌ಪಿಯ ಹಳೆಯ ಟೂ ಸ್ಟ್ರೋಕ್ ಎಂಜಿನ್. ಮಳೆಗಾಲದಲ್ಲಿ ಅದು ಬೇಕಾಗದೇ ಇರಲಿ ಅಂತಲೇ ನಾವು ಕೇಳಿಕೊಳ್ಳುವುದು. ಆದರೆ ಬೇಕಾದ ಹೊತ್ತಿಗೆ ಅದು ಸ್ಟಾರ್ಟ್ ಆಗಲೇಬೇಕು. ಅದಕ್ಕೇ ತಿಂಗಳಿಗೊಮ್ಮೆ ಡ್ರಮ್ಮಿಗೆ ಇಳಿಸಿ ಓಡಿಸುತ್ತೇನೆ. ನೀರಿಲ್ಲದೆ ಓಡಿಸುವ ಹಾಗಿಲ್ಲ. ಎಂಜಿನ್ನಿಗೆ ತಣ್ಣೀರು ಎತ್ತಿಕೊಡುವ ರಬ್ಬರ್ ಚಕ್ರ ಒಣಗಿ ತಿರುಗಿದರೆ ಬಲು ಬೇಗ ಹಾಳಾಗುತ್ತದೆ.

ತೊಂದರೆ ಶುರುವಾಗಿದ್ದು ನವೆಂಬರಿನಲ್ಲಿ. ತಣ್ಣಗಿದ್ದಾಗ ಇಪ್ಪತ್ತು, ಇಪ್ಪತ್ತೈದು ಎಳೆತ. ಒಮ್ಮೆ ಹತ್ತಿಕೊಂಡು ಬಿಸಿಯಾದರೆ ಮಾತ್ರ, ನಿಲ್ಲಿಸಿ ಮತ್ತೆ ಎಳೆದಾಗ ಒಂದೇ ಎಳೆತಕ್ಕೆ ಸ್ಟಾರ್ಟ್. ಮೊದಲು ಪ್ಲಗ್ ಮೇಲೆ ಸಂಶಯ ಬಂತು. ಎರಡೂ ಪ್ಲಗ್ ಹೊಸದು ಹಾಕಿದೆ. ಪ್ರಯೋಜನ ಆಗಲಿಲ್ಲ. ಆಮೇಲೆ ಪೆಟ್ರೋಲ್. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿಗೆ 20% ವರೆಗೆ ಎಥೆನಾಲ್ ಬೆರೆಸಿರುತ್ತಾರೆ. ಎಥೆನಾಲ್ ನೀರು ಹೀರುತ್ತದೆ. ನಮ್ಮ ಕೊಡಗಿನ ಹವೆಯಲ್ಲಿ ತಿಂಗಳುಗಟ್ಟಲೆ ಇಟ್ಟ ಪೆಟ್ರೋಲನ್ನು ನಂಬುವುದು ಕಷ್ಟ. ಹಳೆಯದನ್ನು ತೆಗೆದು ಹೊಸ ಪೆಟ್ರೋಲಿಗೆ ಲೀಟರಿಗೆ 20 ಮಿಲಿ ಲೆಕ್ಕದಲ್ಲಿ ಆಯಿಲ್ ಬೆರೆಸಿ ಹಾಕಿದೆ. ಆದರೂ ಅದೇ ಹಾಡು.

ಅವತ್ತು ನಮ್ಮ ಕಳೆ ಕೊಚ್ಚುವ ಮಿಷನ್ನು ರಿಪೇರಿ ಮಾಡುವ ಅಣ್ಣ ಬೇರೆ ಕೆಲಸಕ್ಕೆ ಅಂತ ತೋಟಕ್ಕೆ ಬಂದಿದ್ದರು. ಬೋಟ್ ಎಂಜಿನ್ ಅವರಿಗೆ ಹೊಸದು. ಆದರೆ ಟೂ ಸ್ಟ್ರೋಕ್ ಅಂದರೆ ಅವರ ಕೈಯಳತೆಯ ವಿಷಯ. ಬಂದವರೇ ಹಗ್ಗ ಮುಟ್ಟಲಿಲ್ಲ.

"ಬಿಸಿ ಆದ ಮೇಲೆ ಹೇಗೆ ಸ್ಟಾರ್ಟ್ ಆಗ್ತದೆ?" ಎಂದು ಕೇಳಿದರು.

"ಒಂದೇ ಎಳೆತ ಅಣ್ಣ."

"ಹಾಗಾದ್ರೆ ಕರೆಂಟೂ ಸರಿ ಉಂಟು, ಕಂಪ್ರೆಷನ್ನೂ ಸರಿ ಉಂಟು. ತಣ್ಣಗಿರುವಾಗ ಮಾತ್ರ ಬೇಕಾಗುವುದು ಯಾವುದು, ಅದನ್ನು ನೋಡುವ."

ಎರಡು ತಿಂಗಳಿಂದ ನಾನು ಬಿಟ್ಟುಹೋಗಿದ್ದ ಪ್ರಶ್ನೆ ಅದು. ಬಿಸಿಯಾದಾಗ ಸರಿ ಇರುವ ಭಾಗಗಳನ್ನೇ ನಾನು ಒಂದೊಂದಾಗಿ ಬದಲಾಯಿಸುತ್ತಿದ್ದೆ.

ಅವರು ಮೊದಲು ಪ್ಲಗ್ ಬಿಚ್ಚಿಸಿದರು. ಚೋಕ್ ಎಳೆದು ಅಷ್ಟು ಸಲ ಹಗ್ಗ ಎಳೆದ ಮೇಲೆ ಪ್ಲಗ್ ಒದ್ದೆಯಾಗಿ ಪೆಟ್ರೋಲ್ ವಾಸನೆ ಹೊಡೆಯಬೇಕು. ಎರಡೂ ಒಣಗಿದ್ದವು. ಬೆರಳಿಗೆ ಉಜ್ಜಿ ಮೂಸಿ ನೋಡಿದೆ, ಬರೀ ಮಸಿ. ಅಂದರೆ ಒಳಗೆ ಪೆಟ್ರೋಲೇ ಹೋಗುತ್ತಿಲ್ಲ. ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು ತೆರೆದೇ ಇತ್ತು. ಪೈಪಿನ ನಡುವಿನ ರಬ್ಬರ್ ಬಲ್ಬನ್ನು ಬಾಣದ ಗುರುತು ಮೇಲೆ ಬರುವ ಹಾಗೆ ಹಿಡಿದು ಒತ್ತಿದೆ. ಆರೇಳು ಸಲಕ್ಕೆ ಗಟ್ಟಿಯಾಯಿತು, ಹಾಗೇ ನಿಂತಿತು. ಅಲ್ಲಿಯವರೆಗೆ ಪೆಟ್ರೋಲ್ ಬರುತ್ತಿದೆ ಎಂದಾಯಿತು. ಉಳಿದದ್ದು ಚೋಕ್ ಒಂದೇ.

ಚೋಕ್ ಯಾಕೆ ಬೇಕು ಅಂದರೆ, ತಣ್ಣಗಿನ ಎಂಜಿನ್ನಿನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಜಾಸ್ತಿ ಪಾಲು ಹನಿಯಾಗಿಯೇ ಒಳಗೋಡೆಗೆ ಅಂಟಿಕೊಂಡು ಉಳಿಯುತ್ತದೆ. ಕಿಡಿಗೆ ಹೊತ್ತಿಕೊಳ್ಳುವುದು ಆವಿ, ಹನಿಯಲ್ಲ. ಅದಕ್ಕೇ ಚೋಕ್ ಎಳೆದು ಗಾಳಿ ಬರುವ ಬಾಯಿ ಮುಚ್ಚಿ, ಪೆಟ್ರೋಲ್ ಜಾಸ್ತಿ ಎಳೆದುಕೊಳ್ಳುವ ಹಾಗೆ ಮಾಡುತ್ತೇವೆ. ಕರಾವಳಿಯಲ್ಲಿ ಸೀಮೆಎಣ್ಣೆಯಲ್ಲಿ ಓಡುವ ನಾಡದೋಣಿ ಎಂಜಿನ್ನುಗಳಿವೆ. ಅವನ್ನೂ ಮೊದಲು ಪೆಟ್ರೋಲಿನಲ್ಲೇ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ. ತಣ್ಣಗಿದ್ದಾಗ ಸೀಮೆಎಣ್ಣೆ ಪೆಟ್ರೋಲಿನಷ್ಟೂ ಆವಿಯಾಗುವುದಿಲ್ಲ ಅಲ್ವಾ.

ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೋರೇಟರಿನ ಮುಂದಿನ ಡಬ್ಬಿ ಬಿಚ್ಚಿ, ಅಣ್ಣ ಚೋಕ್ ಗುಂಡಿಯನ್ನು ಪೂರ್ತಿ ಎಳೆಯಲು ಹೇಳಿದರು. ಮೊಬೈಲ್ ಬೆಳಕು ಬಿಟ್ಟು ಬಗ್ಗಿ ನೋಡಿದೆ. ಒಳಗೆ ಹಿತ್ತಾಳೆ ಬಣ್ಣದ ದುಂಡು ತಗಡು ತಿರುಗಿ ಬಾಯಿ ಮುಚ್ಚಬೇಕು. ಮುಚ್ಚಿರಲಿಲ್ಲ. ಒಂದು ಬದಿಯಲ್ಲಿ ಬಿದಿಗೆ ಚಂದ್ರನ ಹಾಗೆ ಸಂದು ಉಳಿದಿತ್ತು. ಒಂದು ಕಾಫಿ ಬೀಜ ಆರಾಮವಾಗಿ ತೂರುವಷ್ಟು ಅಗಲ. ಗುಂಡಿಯಿಂದ ತಗಡಿಗೆ ಹೋಗುವ ಸಣ್ಣ ಕಂಬಿ ಎಲ್ಲೋ ಪೆಟ್ಟು ತಿಂದು ಸ್ವಲ್ಪ ಬಾಗಿತ್ತು. ಅದನ್ನು ಹಿಡಿಯುವ ನೈಲಾನ್ ಕೊಂಡಿಯೂ ಸವೆದಿತ್ತು. ಹೊರಗೆ ನನ್ನ ಕೈಗೆ ಚೋಕ್ ಪೂರ್ತಿ ಎಳೆದ ಹಾಗೇ ಅನಿಸುತ್ತಿತ್ತು. ಒಳಗೆ ಅದು ಮುಕ್ಕಾಲು ದಾರಿಗೇ ನಿಂತಿತ್ತು.

ಪ್ಲಗ್ ಮತ್ತೆ ಹಾಕಿ ಬಿಗಿದೆವು. ಅಣ್ಣ ತೋಳಿನ ಬಟ್ಟೆ ಮಡಚಿ, ಮೇಲೆ ತಿರುಗುವ ಫ್ಲೈವೀಲಿನಿಂದ ಕೈ ದೂರ ಇಟ್ಟುಕೊಂಡು, ಸ್ಕ್ರೂಡ್ರೈವರ್ ತುದಿಯಿಂದ ತಗಡನ್ನು ಪೂರ್ತಿ ಒತ್ತಿ ಹಿಡಿದರು. "ಎಳಿ" ಎಂದರು. ಎರಡನೇ ಎಳೆತಕ್ಕೆ ಕೆಮ್ಮಿತು. ತಗಡು ಅರ್ಧ ಬಿಟ್ಟರು. ಮುಂದಿನ ಎಳೆತಕ್ಕೆ ಹತ್ತಿಕೊಂಡಿತು. ನೀಲಿ ಹೊಗೆ ಮಂಜಿನೊಳಗೆ ಸೇರಿಕೊಂಡಿತು. ಪಕ್ಕದ ಸಣ್ಣ ತೂತಿನಿಂದ ನೀರಿನ ಎಳೆ ಚಿಮ್ಮಿ ಡ್ರಮ್ಮಿನ ಅಂಚಿಗೆ ಬಡಿಯಿತು. ಚೆರಿ ಹರಡಲು ಬಂದಿದ್ದ ಹೆಂಗಸರು ಪೊರಕೆ ಹಿಡಿದು ಅಲ್ಲೇ ನಿಂತು ನೋಡಿದರು. ನನಗೆ ಕಣ್ಣು ತುಂಬಿ ಬಂತು ಅಂದರೆ ಹೆಚ್ಚೇನೂ ಅಲ್ಲ.

ಕಂಬಿಯನ್ನು ಇಕ್ಕಳದಲ್ಲಿ ನೇರ ಮಾಡಿ, ಸವೆದ ಕೊಂಡಿಯ ಜಾಗಕ್ಕೆ ಸದ್ಯಕ್ಕೆ ಗಟ್ಟಿ ತಂತಿ ಸುತ್ತಿದೆವು. ಹೊಸ ಕೊಂಡಿಗೆ ಹೇಳಿಟ್ಟಿದ್ದೇನೆ.

ಆದರೆ ಸರಿಯಾಯಿತಾ ಅಂತ ಆಗಲೇ ನೋಡುವ ಹಾಗಿರಲಿಲ್ಲ. ಎಂಜಿನ್ ಬಿಸಿಯಾಗಿಬಿಟ್ಟಿತ್ತು. ಈ ರೋಗಕ್ಕೆ ದಿನಕ್ಕೆ ಒಂದೇ ಪರೀಕ್ಷೆ, ಅದೂ ಬೆಳಗ್ಗಿನ ಮೊದಲ ಎಳೆತ. ಬಿಸಿ ಎಂಜಿನ್ ಒಂದೇ ಎಳೆತಕ್ಕೆ ಎದ್ದಾಗ ರಿಪೇರಿ ಆಯಿತು ಅಂತ ಡಿಸೆಂಬರಿನಲ್ಲಿ ನಾನು ಎರಡು ಸಲ ನಂಬಿದ್ದೆ. ಅವತ್ತು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಮರುದಿನ ಆರು ಗಂಟೆಗೇ ಎದ್ದೆ. ಎಂಜಿನ್ ಮುಟ್ಟಿದರೆ ಕೈ ಕೊರೆಯುವಷ್ಟು ತಣ್ಣಗಿತ್ತು. ಗೇರ್ ನ್ಯೂಟ್ರಲ್, ಎಂಜಿನ್ ನಿಲ್ಲಿಸುವ ಸ್ವಿಚ್ಚಿನ ಕೆಂಪು ಕ್ಲಿಪ್ ಜಾಗದಲ್ಲಿ, ಬಲ್ಬ್ ಗಟ್ಟಿ, ಚೋಕ್ ಪೂರ್ತಿ. ಒಂದು ಎಳೆತ, ಏನಿಲ್ಲ. ಎರಡಕ್ಕೆ ಕೆಮ್ಮಿತು. ಚೋಕ್ ಅರ್ಧ ಒಳಗೆ ಹಾಕಿ ಮೂರನೆಯದು ಎಳೆದೆ. ಹತ್ತಿಕೊಂಡಿತು.

ಶೆಡ್ಡಿನ ಮೊಳೆಗೆ ಒಂದು ನೋಟ್‌ಬುಕ್ ನೇತುಹಾಕಿದ್ದೇವೆ. ಅದರಲ್ಲಿ ತಾರೀಕು ಹಾಕಿ "ಮೂರು ಎಳೆತ" ಎಂದು ಬರೆದೆ. ಕೆಳಗೆ ಆ ದುಂಡು ತಗಡಿನ ಚಿತ್ರ ಬಿಡಿಸಿ, ಚಂದ್ರನ ಹಾಗಿದ್ದ ಸಂದಿಗೆ ಬಾಣ ಹಾಕಿದೆ. ಆಗಸ್ಟಿನ ಮಳೆಯಲ್ಲಿ ನಾನು ಮನೆಯಲ್ಲಿ ಇರದಿದ್ದರೂ, ಮುಚ್ಚಳ ತೆಗೆದವರಿಗೆ ಎಲ್ಲಿ ನೋಡಬೇಕು ಅಂತ ಗೊತ್ತಾಗಲಿ.