ಸಿಟ್ಟಿಗೆದ್ದ ಕೋಚ್, ಪೆಟ್ಟು ತಿಂದ ಆಟಗಾರ ಮತ್ತು ಅಂಪೈರ್

2020ರ ಡಿಸೆಂಬರ್ 4ರಂದು ಕ್ಯಾನ್‌ಬೆರಾದಲ್ಲಿ ನಡೆದ ಭಾರತ–ಆಸ್ಟ್ರೇಲಿಯಾ ಟಿ20 ಪಂದ್ಯವನ್ನು ಹಲವರು ಯಜುವೇಂದ್ರ ಚಾಹಲ್ ಪಡೆದ ಮೂರು ವಿಕೆಟ್‌ಗಳಿಗಾಗಿ ನೆನೆಯುತ್ತಾರೆ. ನನಗೆ ಮಾತ್ರ ಇನಿಂಗ್ಸ್ ವಿರಾಮದಲ್ಲಿ ಬೌಂಡರಿಯಾಚೆ ನಡೆದ ವಾಗ್ವಾದವೇ ಹೆಚ್ಚು ಮುಖ್ಯವೆನಿಸುತ್ತದೆ. ಕೊನೆಯ ಓವರ್‌ನಲ್ಲಿ ಮಿಚೆಲ್ ಸ್ಟಾರ್ಕ್ ಅವರ ಎಸೆತ ರವೀಂದ್ರ ಜಡೇಜ ಅವರ ಹೆಲ್ಮೆಟ್‌ಗೆ ಬಡಿದಿತ್ತು. ಆ ಕ್ಷಣದಲ್ಲಿ ಫಿಸಿಯೊ ಮೈದಾನಕ್ಕಿಳಿಯಲಿಲ್ಲ, ಜಡೇಜ ಆಟ ಮುಂದುವರಿಸಿ 44 ರನ್ ಗಳಿಸಿ ಅಜೇಯರಾಗಿ ಉಳಿದರು. ವಿರಾಮದ ಬಳಿಕ ಅವರ ಬದಲು ಕನ್ಕಶನ್ (ತಲೆಗೆ ಪೆಟ್ಟು ಬಿದ್ದವನ ಬದಲು ಇನ್ನೊಬ್ಬನನ್ನು ಆಡಿಸುವ) ನಿಯಮದಡಿ ಚಾಹಲ್ ಆಡುತ್ತಾರೆಂದಾಗ ಆಸ್ಟ್ರೇಲಿಯಾದ ಕೋಚ್ ಜಸ್ಟಿನ್ ಲ್ಯಾಂಗರ್ ಮ್ಯಾಚ್ ರೆಫರಿ ಡೇವಿಡ್ ಬೂನ್ ಅವರೊಡನೆ ವಾದಕ್ಕಿಳಿದರು. ಜಡೇಜ ಅದಕ್ಕೂ ಮೊದಲೇ ತೊಡೆಯ ಸ್ನಾಯು ನೋವಿನಿಂದ ಬಳಲುತ್ತಿದ್ದುದರಿಂದ, ತಲೆಯ ಪೆಟ್ಟು ಬರೀ ನೆಪವಿರಬಹುದೆಂಬ ಅಸಮಾಧಾನ ಅಸಹಜವೇನಲ್ಲ. ಆದರೆ ತಲೆಗೆ ಬಿದ್ದ ಪೆಟ್ಟಿನ ಲಕ್ಷಣಗಳು ತಡವಾಗಿಯೂ ಕಾಣಿಸಿಕೊಳ್ಳಬಹುದು. 2014ರಲ್ಲಿ ಸಿಡ್ನಿಯಲ್ಲಿ ಚೆಂಡು ಬಡಿದು ಆಸ್ಟ್ರೇಲಿಯಾದ ಬ್ಯಾಟರ್ ಫಿಲಿಪ್ ಹ್ಯೂಸ್ ಮೃತಪಟ್ಟ ನಂತರ ಈ ವಿಷಯದಲ್ಲಿ ಎಚ್ಚರ ಹೆಚ್ಚಿ, 2019ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ ಬದಲಿ ಆಟಗಾರನಿಗೆ ಅನುಮತಿ ಕೊಡುವವರು ರೆಫರಿಯೇ. ಅವರ ತೀರ್ಮಾನದ ವಿರುದ್ಧ ಮೇಲ್ಮನವಿಯಿಲ್ಲ.

ನನಗೆ ಈ ವ್ಯವಸ್ಥೆ ಸರಿಯೆನಿಸುವುದು, ಮೈದಾನದ ಅಂಪೈರ್‌ ಮೇಲಿನ ಎರಡು ಅಸಾಧ್ಯ ಹೊರೆಗಳನ್ನು ಅದು ಇಳಿಸುತ್ತದೆಂಬ ಕಾರಣಕ್ಕೆ. ಗಂಭೀರ ಗಾಯವಾದರೆ ತಕ್ಷಣ 'ಡೆಡ್ ಬಾಲ್' ಎಂದು ಆಟ ನಿಲ್ಲಿಸುವುದು ಅಂಪೈರ್‌ ಕರ್ತವ್ಯ; ಗಾಯದ ಆಳ ಅಳೆಯುವುದು ವೈದ್ಯರ ಕೆಲಸ, ಕೋಚ್‌ಗೆ ಉತ್ತರಿಸುವುದು ರೆಫರಿಯ ಕೆಲಸ.

ಈ ಗೆರೆ ದಾಟಿದರೆ ಏನಾಗುತ್ತದೆಂಬುದು 2022ರ ಐಪಿಎಲ್‌ನಲ್ಲಿ ವಾಂಖೆಡೆಯಲ್ಲಿ ಕಂಡಿತು. ಸೊಂಟದೆತ್ತರದ ಫುಲ್ ಟಾಸ್ ಒಂದನ್ನು ನೋ ಬಾಲ್ ಎನ್ನಲಿಲ್ಲವೆಂದು ಡೆಲ್ಲಿಯ ಸಹಾಯಕ ಕೋಚ್ ಪ್ರವೀಣ್ ಆಮ್ರೆ ಮೈದಾನದೊಳಕ್ಕೇ ನಡೆದುಬಂದರು. ಅಂಪೈರ್‌ಗಳು ನಿರ್ಧಾರ ಬದಲಿಸದೆ ಅವರನ್ನು ಹೊರಗೆ ಕಳುಹಿಸಿದರು. ಆಮ್ರೆಗೆ ಪಂದ್ಯ ಶುಲ್ಕ ಪೂರ್ತಿ ದಂಡವಾಗಿ ಹೋದುದಲ್ಲದೆ ಒಂದು ಪಂದ್ಯದ ನಿಷೇಧವೂ ಬಿತ್ತು. (ಮರುವರ್ಷವೇ ಐಪಿಎಲ್‌ನಲ್ಲಿ ನೋ ಬಾಲ್ ತೀರ್ಪಿಗೂ ಡಿಆರ್‌ಎಸ್, ಅಂದರೆ ಮರುಪರಿಶೀಲನೆ, ಕೇಳುವ ಅವಕಾಶ ಬಂದಿತೆನ್ನುವುದೂ ಗಮನಾರ್ಹ.)

ನಿಜವಾದ ಇಕ್ಕಟ್ಟು ಎದುರಾಗುವುದು ಗಾಯವೇ ಅನುಮಾನಾಸ್ಪದವಾದಾಗ. 2024ರ ಟಿ20 ವಿಶ್ವಕಪ್‌ನಲ್ಲಿ ಬಾಂಗ್ಲಾದೇಶದ ವಿರುದ್ಧದ ಪಂದ್ಯದಲ್ಲಿ ಮಳೆ ಹನಿಯತೊಡಗಿ, ಮಳೆಯಿಂದ ಆಟ ನಿಂತರೆ ಗೆದ್ದವರಾರೆಂದು ನಿರ್ಧರಿಸುವ ಡಿಎಲ್‌ಎಸ್ ಲೆಕ್ಕದಲ್ಲಿ ಅಫ್ಗಾನಿಸ್ತಾನ ಅಲ್ಪ ಮುನ್ನಡೆಯಲ್ಲಿದ್ದಾಗ, ಆ ತಂಡದ ಕೋಚ್ ಜೊನಾಥನ್ ಟ್ರಾಟ್ ಹೊರಗಿನಿಂದ ನಿಧಾನಿಸಿ ಎಂದು ಕೈಸನ್ನೆ ಮಾಡಿದರು. ಮರುಕ್ಷಣವೇ ಸ್ಲಿಪ್‌ನಲ್ಲಿದ್ದ ಗುಲ್ಬದಿನ್ ನೈಬ್ ತೊಡೆ ಹಿಡಿದು ನೆಲಕ್ಕುರುಳಿದರು, ಆಟ ಪುನಃ ಶುರುವಾದ ಬಳಿಕ ಬೌಲಿಂಗ್ ಮಾಡಿ ವಿಕೆಟ್ಟನ್ನೂ ಪಡೆದರು. ಕಾಲಹರಣಕ್ಕೆ ಎಚ್ಚರಿಕೆಯನ್ನೂ, ಮರುಕಳಿಸಿದರೆ ಐದು ರನ್ ದಂಡವನ್ನೂ ವಿಧಿಸಲು ನಿಯಮದಲ್ಲಿ ಅವಕಾಶವಿದೆ. ಆದರೂ ಬಿದ್ದವನ ನೋವು ಸುಳ್ಳೆಂದು ಇಪ್ಪತ್ತೆರಡು ಗಜ ದೂರದಿಂದ ಘೋಷಿಸುವ ಅಂಪೈರ್‌ಗಿಂತ, ಮೋಸಹೋಗುವ ಸಾಧ್ಯತೆಯನ್ನು ಒಪ್ಪಿಕೊಂಡೇ ಫಿಸಿಯೊಗೆ ದಾರಿ ಬಿಡುವ ಅಂಪೈರ್‌ನನ್ನೇ ನಾನು ನಂಬುತ್ತೇನೆ.